ಮಾಡಿಸಿಬಿಡಿ ಅಂದವನು

"ಒಳಗೆ ಯಾರೂ ಇಲ್ವಾ?"

ಅವಳು ತಲೆ ಎತ್ತಲಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟ ಮೋಟಾರಿನೊಳಗೆ ತಾಮ್ರದ ತಂತಿ ಕೂರಿಸುತ್ತಿದ್ದಳು.

"ನಾನು ಕಾಣ್ತಿಲ್ವಾ?"

"ಅಲ್ಲ... ಕೆಲಸ ಮಾಡೋರು. ಮೇಸ್ತ್ರಿ."

"ಮೇಸ್ತ್ರಿ ನಾನೇ. ಬೇರೆ ಅಂಗಡಿಗೆ ಹೋಗೋದಾದ್ರೆ ಹೋಗಿ. ಬಾಗಿಲಿಗೆ ಅಡ್ಡ ಮಾತ್ರ ನಿಲ್ಬೇಡಿ, ಬೆಳಕು ಬರಲ್ಲ."

ಅವನು ಪಕ್ಕಕ್ಕೆ ಸರಿದ. ಮೈತುಂಬ ಹಿಟ್ಟು, ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು. ಹೊರಗಿನ ಕೈಗಾಡಿಯಲ್ಲಿ ಗಿರಣಿಯ ಮೋಟಾರು ಸುಟ್ಟ ವಾಸನೆ ಹೊಡೆಯುತ್ತಿತ್ತು. ಬೇರೆ ಅಂಗಡಿಗೆ ಹೋಗುವ ಬದಲು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. ಅವಳ ಬೆರಳುಗಳನ್ನೇ ನೋಡತೊಡಗಿದ.

ಗಂಡಸರ ನೋಟ ಅವಳಿಗೆ ಹೊಸದಲ್ಲ. ಅಯ್ಯೋ ಪಾಪ ಅನ್ನುವ ನೋಟ ಗೊತ್ತು, ಮೈಮೇಲೆ ಹರಿದಾಡುವ ನೋಟವೂ ಗೊತ್ತು. ಇದು ಎರಡೂ ಆಗಿರಲಿಲ್ಲ. ಕೆಲಸ ಬಲ್ಲವನು ಕೆಲಸವನ್ನು ನೋಡುವ ನೋಟ... ಅವತ್ತು ಮೊದಲ ಸಲ ಅವಳ ಕೈ ತಪ್ಪಿ ತಂತಿ ಗಂಟಾಯಿತು.

ಅಪ್ಪನ ಕೈ ನಡುಗಲು ಶುರುವಾದಾಗ ಅವಳಿಗೆ ಹತ್ತೊಂಬತ್ತು. ಅಪ್ಪ ಹೇಳಿಕೊಡುತ್ತಿದ್ದರು, ಅವಳು ತಂತಿ ಸುತ್ತುತ್ತಿದ್ದಳು. ಅಪ್ಪ ಹೋದ ಮೇಲೆ ಅಂಗಡಿ ಅವಳದೇ ಆಯಿತು. ಬೀದಿಯವರೆಲ್ಲ ಅರ್ಧ ತಮಾಷೆಗೆ, ಅರ್ಧ ಮರ್ಯಾದೆಗೆ 'ಮೇಸ್ತ್ರಿ' ಅಂದರು. ಹಿಂದಿನಿಂದ ಬೇರೆಯದೇ ಅಂದರು. ಕಂಡಕಂಡ ಮನೆಗೆ ಒಬ್ಬಳೇ ಹೋಗಿ ಪಂಪು ಬಿಚ್ಚುವ ಹೆಣ್ಣಿನ ಬಗ್ಗೆ ಏನೇನು ಅನ್ನಬಹುದೋ ಅದೆಲ್ಲ.

ಗಿರಣಿಯವನು ಮೂರನೇ ದಿನ ಮೋಟಾರು ಒಯ್ದ. ಮುಂದಿನ ವಾರ ಒಂದು ಫ್ಯಾನು ತಂದ.

ಅವಳು ಸ್ವಿಚ್ ಹಾಕಿದಳು. ಫ್ಯಾನು ಗಿರ್ರನೆ ತಿರುಗಿತು.

"ಇದಕ್ಕೆ ಏನೂ ಆಗಿಲ್ವಲ್ಲ."

"ಗೊತ್ತು."

"ಮತ್ತೆ ಯಾಕೆ ತಂದ್ರಿ?"

"ಸುಮ್ನೆ ಬಂದ್ರೆ ನೀವು ಸ್ಟೂಲು ಕೊಡ್ತಿದ್ರಾ?"

ಅವಳಿಗೆ ನಗು ತಡೆಯಲಾಗಲಿಲ್ಲ.

ಆರು ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು. ಗಿರಣಿಯ ಒಡತಿ ಅವನ ತಾಯಿ. ಎಲ್ಲರ ಬಾಯಲ್ಲೂ ಆಕೆ ಗಿರಣಿಯಮ್ಮ. ಮನೆಗೆ ಬಂದು, ಮೆಲುದನಿಯಲ್ಲಿ ಮಾತಾಡಿ, ಇವಳ ಗಲ್ಲ ಮುಟ್ಟಿ, ಮದುವೆಯ ದಿನ ಗೊತ್ತು ಮಾಡಿ ಹೋದರು.

ಮದುವೆಗೆ ಹನ್ನೆರಡು ದಿನ ಇರುವಾಗ ಅಮ್ಮ ಹೇಳಿದಳು, "ನಾಳೆ ಅಂಗಡಿ ತಡವಾಗಿ ತೆಗಿ. ಒಂದು ರಕ್ತ ಪರೀಕ್ಷೆ ಇದೆ. ಈಗ ಎಲ್ಲಾ ಕಡೆ ಕೇಳ್ತಾರಂತೆ."

ಕ್ಲಿನಿಕ್ಕಿನಲ್ಲಿ ಯಾರೂ ರಕ್ತ ತೆಗೆಯಲಿಲ್ಲ.

ಡಾಕ್ಟರಮ್ಮ ಮಂಚ ತೋರಿಸಿದಳು. ಹಸಿರು ಪರದೆ ಎಳೆದಳು. "ಬಟ್ಟೆ ಸಡಿಲ ಮಾಡ್ಕೊ. ಎರಡು ನಿಮಿಷ."

"ಏನು ಪರೀಕ್ಷೆ ಇದು?"

"ಅಮ್ಮ ಹೇಳಿಲ್ವಾ? ಸುಮ್ನೆ ಮಲಗು."

ಕನ್ಯತ್ವದ ಪರೀಕ್ಷೆ ಎಂದು ತಿಳಿದಾಗ ಅವಳು ಬೇಡ ಅಂದಳು. ಎರಡು ಸಲ ಅಂದಳು. ಡಾಕ್ಟರಮ್ಮ ಅವಳ ಮೊಣಕಾಲನ್ನು ಒತ್ತಿ ಸರಿಸಿ, "ಇಷ್ಟಕ್ಕೇ ಹೀಗಾಡಿದ್ರೆ ಮದುವೆ ಆದ್ಮೇಲೆ ಏನ್ ಮಾಡ್ತೀಯಮ್ಮ?" ಅಂದಳು.

ಪರದೆಯ ಕೆಳಗೆ ಅಮ್ಮನ ಪಾದಗಳು ಕಾಣುತ್ತಿದ್ದವು.

"ಅಮ್ಮಾ..."

ಪಾದಗಳು ಅಲುಗಲಿಲ್ಲ.

ಆಮೇಲೆ ಡಾಕ್ಟರಮ್ಮ ಕೈ ತೊಳೆದುಕೊಳ್ಳುತ್ತ ಅಮ್ಮನಿಗೆ ನಗುಮುಖದಿಂದ ಹೇಳಿದಳು, "ಏನೂ ಯೋಚನೆ ಇಲ್ಲ. ಬರ್ಕೊಡ್ತೀನಿ."

ಸಂಜೆಯ ಹೊತ್ತಿಗೆ ಗಿರಣಿಯಮ್ಮನ ಫೋನು ಬಂತು. ರಿಪೋರ್ಟು ಚೆನ್ನಾಗಿದೆಯಂತೆ, ಬಹಳ ಸಂತೋಷವಾಯಿತಂತೆ.

"ಅವನಿಗೆ ಗೊತ್ತಿತ್ತಾ?" ಅವಳು ಅಮ್ಮನನ್ನು ಕೇಳಿದಳು.

"ಗೊತ್ತಿಲ್ದೆ ಇರುತ್ತಾ? 'ಆಗ್ಲಿ, ಮಾಡಿಸಿಬಿಡಿ' ಅಂದನಂತೆ."

ಮಾರನೆಯ ಬೆಳಿಗ್ಗೆ ಅವಳು ಗಿರಣಿಗೆ ಹೋದಳು. ಹಿಟ್ಟು ಮಾಡಿಸಲು ಬಂದವರು ಡಬ್ಬ ಹಿಡಿದು ಸಾಲಾಗಿ ನಿಂತಿದ್ದರು. ಕಲ್ಲಿನ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ಅವನ ಹತ್ತಿರ ಹೋಗಿ ನಿಂತಳು.

"ಮಾಡಿಸಿಬಿಡಿ ಅಂದ್ಯಾ?"

"ಏನನ್ನ?"

"ಅಂದ್ಯಾ, ಇಲ್ವಾ?"

"ಅಂದೆ... ಆದ್ರೆ ನಾನು..."

'ಆದ್ರೆ' ಕೇಳಲು ಅವಳು ನಿಲ್ಲಲಿಲ್ಲ. ಅವನು ತೊಡಿಸಿದ್ದ ಉಂಗುರ ಕಳಚಿ ಹಿಟ್ಟಿನ ರಾಶಿಯ ಮೇಲೆ ಹಾಕಿ ಹೊರಟುಹೋದಳು.

ಮದುವೆ ನಿಂತಿತು. ಅವನು ಬಂದಾಗಲೆಲ್ಲ ಅವಳು ಅಂಗಡಿಯ ಶಟರ್ ಎಳೆದಳು. ಅಮ್ಮನ ಜೊತೆ ಮಾತು ಬಿಟ್ಟಳು. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಟ್ಟೆ ಮುಂದಿಡುತ್ತ ಅಮ್ಮ ತಾನಾಗಿಯೇ ಹೇಳಿದಳು.

"ನನ್ನ ಮೊದಲ ರಾತ್ರಿ ಬಿಳೀ ಬಟ್ಟೆ ಹಾಸಿದ್ರು. ಬೆಳಿಗ್ಗೆ ಅದನ್ನ ನಾಲ್ಕು ಜನ ಹೆಂಗಸ್ರು ಬೆಳಕಿಗೆ ಹಿಡಿದು ನೋಡಿದ್ರು. ನಾನು ಅಲ್ಲೇ ನಿಂತಿದ್ದೆ. ನಿಂದು ಪರದೆ ಹಿಂದೆ ಮುಗೀತಲ್ಲ ಅಂದ್ಕೊಂಡೆ."

"ಅದಕ್ಕೇ ಅಲುಗಲಿಲ್ವಾ?"

ಅಮ್ಮ ಸೆರಗಿನಿಂದ ತಟ್ಟೆಯ ಅಂಚು ಒರೆಸಿದಳು. ಅವಳಿಗೆ ಅಮ್ಮನನ್ನು ಅಪ್ಪಿಕೊಳ್ಳಬೇಕು ಅನ್ನಿಸಲಿಲ್ಲ.

ಅಷ್ಟರಲ್ಲಿ ಊರು ತನ್ನ ಲೆಕ್ಕಾಚಾರ ಮುಗಿಸಿತ್ತು. ಪರೀಕ್ಷೆಯಲ್ಲಿ ಹುಡುಗಿ ಸರಿ ಇಲ್ಲ ಅಂತ ಬಂತಂತೆ, ಅದಕ್ಕೇ ಗಂಡಿನವರು ಬಿಟ್ಟರಂತೆ. ಗಿರಣಿಯಮ್ಮ ಇಲ್ಲ ಅನ್ನಲಿಲ್ಲ. ಮನೆಯ ಮಾನ ಉಳಿಯಿತಲ್ಲ, ಸಾಕು.

ಒಂದು ಮಧ್ಯಾಹ್ನ ಸಾಲಿನಲ್ಲಿ ನಿಂತ ಯಾರೋ ಇದನ್ನೇ ಹೇಳಿ ನಕ್ಕಾಗ ಅವನು ಗಿರಣಿ ನಿಲ್ಲಿಸಿಬಿಟ್ಟ. ಎಲ್ಲರಿಗೂ ಕೇಳುವಂತೆ, "ರಿಪೋರ್ಟಲ್ಲಿ ಏನೂ ತಪ್ಪಿರ್ಲಿಲ್ಲ. ಅವಳು ಪರಿಶುದ್ಧವಾಗಿದ್ಲು. ಅವಳೇ ನಮ್ಮನ್ನ ಬಿಟ್ಟಿದ್ದು" ಅಂದ.

ಆ ಸಂಜೆ ಅವಳು ಶಟರ್ ಎಳೆಯದೆ ಕಾದಳು. ಅವನು ಆಸೆಯಿಂದ ಬಂದ.

"ಏನಂದೆ ಗಿರಣೀಲಿ?"

"ನಿನ್ನ ಮೇಲೆ ಬಂದ ಮಾತು..."

"ನನ್ನ ಮೈ ವಿಷ್ಯ ಡಾಕ್ಟರ್ ಬರೆದ್ಲು, ನಿಮ್ಮಮ್ಮ ಓದಿದ್ರು. ಈಗ ನೀನು ಡಬ್ಬ ಹಿಡ್ಕೊಂಡು ನಿಂತೋರಿಗೆಲ್ಲ ಕೂಗಿ ಹೇಳ್ದೆ. ನಾನು ಪರಿಶುದ್ಧ ಆಗಿರ್ದಿದ್ರೆ ಏನ್ ಹೇಳ್ತಿದ್ದೆ?"

ಅವನು ತೋಳಿಗೆ ಅಂಟಿದ ಹಿಟ್ಟು ಒರೆಸಿಕೊಂಡ.

"ಹೋಗು."

ಅವನು ಹೋದ. ತಿಂಗಳುಗಟ್ಟಲೆ ಬರಲಿಲ್ಲ.

ಅವಳು ಸುಮ್ಮನೆ ಕೂರಲಿಲ್ಲ. ವಕೀಲೆಯೊಬ್ಬರನ್ನು ಕಂಡು ಡಾಕ್ಟರಮ್ಮನ ಮೇಲೆ ದೂರು ಬರೆಸಿದಳು. ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಅದು ಹೆಣ್ಣನ್ನು ಅವಮಾನಿಸುವುದಕ್ಕೆ ಮಾತ್ರ ಇರುವುದು ಎಂದು ವಕೀಲೆ ಹೇಳಿದರು. ಏನೂ ಇಲ್ಲದ್ದಕ್ಕೆ... ಇಷ್ಟೆಲ್ಲ.

"ಒಬ್ಬರಾದ್ರೂ ಸಾಕ್ಷಿ ಬೇಕು" ಅಂದರು ವಕೀಲೆ. "ನಿಮ್ಮ ತಾಯಿ ಬರ್ತಾರಾ?"

ಅಮ್ಮ ಬರಲಿಲ್ಲ. ಅವಳು ಯಾರನ್ನೂ ಬೇಡಲೂ ಇಲ್ಲ.

ವಿಚಾರಣೆಯ ದಿನ ಬೆಂಚಿನ ತುದಿಯಲ್ಲಿ ಅವನು ಕೂತಿದ್ದ. ಸುದ್ದಿ ಕೇಳಿ ತಾನೇ ವಕೀಲೆಯನ್ನು ಹುಡುಕಿಕೊಂಡು ಹೋಗಿದ್ದನಂತೆ. ಪರೀಕ್ಷೆ ಕೇಳಿದ್ದು ತನ್ನ ತಾಯಿ, ಒಪ್ಪಿದ್ದು ತಾನು ಎಂದು ಬರೆದು ಸಹಿ ಹಾಕಿದ. ಅಂದೇ ಗಿರಣಿಯಮ್ಮ ಅವನ ಬಟ್ಟೆಗಳನ್ನು ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಂಡರು. ಅವನು ಇನ್ನೊಬ್ಬರ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ.

ಎರಡು ವಾರ ಬಿಟ್ಟು ಅವನು ಅಂಗಡಿಯ ಹೊಸ್ತಿಲ ಹೊರಗೆ ಬಂದು ನಿಂತ.

"ಸಾಕ್ಷಿ ಹೇಳಿದೀನಿ ಅಂತ ಬಂದಿಲ್ಲ. ಅವತ್ತು ನೀನು ಕೇಳದೇ ಹೋದ ಮಾತು ಒಂದಿದೆ."

"ಹೇಳು."

"ಅಮ್ಮ 'ಹುಡುಗೀದು ಒಂದು ಟೆಸ್ಟ್ ಆಗ್ಬೇಕು' ಅಂದ್ರು. ಯಾವುದು ಅಂತ ನಾನು ಕೇಳ್ಲಿಲ್ಲ. ಗೊತ್ತಿರ್ಲಿಲ್ಲ ಅಂತ ಇಷ್ಟು ದಿನ ನನಗೆ ನಾನೇ ಹೇಳ್ಕೊಂಡೆ. ಅದು ಸುಳ್ಳು. ಕೇಳಿದ್ರೆ ಗೊತ್ತಾಗಿಬಿಡುತ್ತೆ... ಗೊತ್ತಾದ್ರೆ ಅಮ್ಮನ್ನ ಎದುರು ಹಾಕ್ಕೋಬೇಕಾಗುತ್ತೆ. ಅದಕ್ಕೇ ಕೇಳ್ಲಿಲ್ಲ."

ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅವನನ್ನು ನೋಡಿದಳು. ತಪ್ಪನ್ನು ತೊಳೆದು ತರದೆ, ಇದ್ದ ಹಾಗೇ ತಂದಿದ್ದ.

"ಇಷ್ಟೇನಾ?"

"ಇನ್ನೊಂದು ಕೇಳ್ಬೇಕಿತ್ತು. ಕೇಳ್ಲಾ?"

"ಕೇಳು."

"ಅವತ್ತು... ನೋವಾಯ್ತಾ?"

ಹತ್ತು ತಿಂಗಳಲ್ಲಿ ಫಲಿತಾಂಶವನ್ನು ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅಮ್ಮನೂ ಕೇಳಿರಲಿಲ್ಲ.

"ಹೂಂ."

"ಬಹಳ?"

"ಬಹಳ" ಅಂದಳು. ಅಷ್ಟು ದಿನ ಕಟ್ಟಿಕೊಂಡಿದ್ದದ್ದು ಕಣ್ಣಿಂದ ಇಳಿಯತೊಡಗಿತು. ಅವನು ಒಳಗೆ ಬರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳು ಅತ್ತು ಮುಗಿಸುವ ತನಕ ಅಲ್ಲೇ ನಿಂತಿದ್ದ.

"ನಿನ್ನ ಪ್ರೀತಿಸ್ತೀನಿ ಅನ್ನೋಕೆ ನನಗೆ ಮುಖ ಇಲ್ಲ" ಅಂದ ಕೊನೆಗೆ.

"ನನಗೆ ಇನ್ನೂ ಸಿಟ್ಟಿದೆ. ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಇರ್ಲಿ."

"ಮತ್ತೆ... ನೀನಿಲ್ದೆ ಇರೋಕೂ ಆಗ್ತಿಲ್ಲ."

ಅವನು ಹೊಸ್ತಿಲ ಮೇಲೆ ಕೈ ಚಾಚಿದ, ಅರ್ಧ ದಾರಿಯಲ್ಲೇ ನಿಲ್ಲಿಸಿದ.

"ಕೈ ಹಿಡ್ಕೊಳ್ಲಾ?"

"ಗ್ರೀಸ್ ಆಗಿದೆ."

"ನಾನು ಕೇಳಿದ್ದು ಅದಲ್ಲ."

ಅವಳು ಮೂಗು ಒರೆಸಿಕೊಂಡಳು.

"ಹಿಡ್ಕೋ."