ಹೊಸಿಲ ಮೇಲೆ ಕೂತವನು

"ಕಾಲು ತೆಗೀರೀ!"

ಆ ಕೂಗಿಗೆ ಪ್ರಸನ್ನಕುಮಾರ್ ಬೆಚ್ಚಿಬಿದ್ದು ನಿಂತಲ್ಲೇ ನಿಂತ.

"ಏ... ಏನಾಯ್ತ್ರೀ?"

"ನಂದಿ ಮೇಲೆ ನಿಂತಿದ್ದೀರಾ! ಬೂಟು ಬೇರೆ!"

ಅವನು ಕೆಳಗೆ ನೋಡಿದ. ಮರದ ಹೊಟ್ಟು ಅಂದುಕೊಂಡು ಕಾಲಿಟ್ಟಿದ್ದು, ನೆಲದ ಮೇಲೆ ಮಲಗಿಸಿದ್ದ ತೇಗದ ಬಾಗಿಲಿನ ಮೇಲೆ! ಹೊಟ್ಟಿನ ನಡುವಿಂದ ನಂದಿಯ ಒಂದು ಕಣ್ಣು ಅವನನ್ನೇ ದುರುಗುಟ್ಟುತ್ತಿತ್ತು.

"ಕಾಣಲಿಲ್ಲ ಕಣ್ರೀ..."

"ಶಿವನೂ ಹತ್ತೋಕೆ ಮುಂಚೆ ಕೇಳ್ತಾನೆ. ನೀವೇನು ಅವನಿಗಿಂತ ದೊಡ್ಡೋರಾ?"

ಉಳಿ ಹಿಡಿದು ನಿಂತಿದ್ದವಳು ಉಮಾಮಹೇಶ್ವರಿ. ಮೂಗಿನ ತುದಿಗೂ ಹೊಟ್ಟು, ಕಣ್ಣಲ್ಲಿ ಬೆಂಕಿ!

ಇದು ನಡೆದದ್ದು ಎರಡು ಸಾವಿರದ ಎರಡರ ಬೇಸಿಗೆಯಲ್ಲಿ, ಭದ್ರಾವತಿಯ ಕಾಗದನಗರದಲ್ಲಿ, ಕ್ವಾರ್ಟರ್ಸ್ ಹಿಂದಿನ ತಗಡಿನ ಶೆಡ್ಡಿನಲ್ಲಿ. ಅವಳ ಅಪ್ಪ ನಾಗಯ್ಯ ಅಲ್ಲಿನ ಕಾಗದ ಕಾರ್ಖಾನೆಯಲ್ಲಿ ಬಡಗಿ. ಮನೆಗೆ ಬಂದು ಚೌಕಟ್ಟು ಕೂಡಿಸುವುದು ಅಪ್ಪ, ಕೆತ್ತುವುದೆಲ್ಲ ಮಗಳು. ಈ ಬಾಗಿಲು ಶಿವಮೊಗ್ಗದ ಸವಳಂಗ ರಸ್ತೆಯ ಸಿಮೆಂಟ್ ಅಂಗಡಿ ಮುರುಗೇಶಪ್ಪನವರ ಹೊಸ ಮನೆಯದು. ಬೂಟಿನವನು ಅವರ ಒಬ್ಬನೇ ಮಗ!

ಮತ್ತೆ ಬಂದಾಗ ಅವನು ಗೇಟಿನಲ್ಲೇ ಬೂಟು ಬಿಚ್ಚಿದ್ದ.

"ಸಿಮೆಂಟ್ ಲಾರಿ ಜೊತೆ ಬಂದಿದ್ದೆ. ಹಾಗೇ ನೋಡ್ಕೊಂಡು ಹೋಗೋಣ ಅಂತ..."

"ಮೊನ್ನೆನೂ ಲಾರಿ, ಇವತ್ತೂ ಲಾರಿ. ನಿಮ್ಮಲ್ಲಿ ಡ್ರೈವರ್ ಇಲ್ವಾ?"

ಅವನ ಕಿವಿ ಕೆಂಪಾಯಿತು. ಉಮಾ ತಲೆ ತಗ್ಗಿಸಿ ಹಂಸದ ಕೊರಳು ಕೆತ್ತುತ್ತಿದ್ದಳು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

ಆಮೇಲೂ ಲಾರಿ ಬರುತ್ತಲೇ ಇತ್ತು. 'ಇವನು ಬಾರದ ದಿನ ಉಳಿ ಯಾಕೆ ಮೊಂಡಾಗುತ್ತೆ?' ಎಂದು ತನ್ನನ್ನೇ ಬೈದುಕೊಂಡಳು. ಅವರು ಸಾವ್ಕಾರರು, ನಾವು ಬಡಗಿಗಳು. ಜಾತಿಯೂ ಬೇರೆ... ಬೇಡ ಉಮಾ, ಬೇಡ!

ಆದರೆ ಒಂದು ಮಾತ್ರ ಬೇಕೇಬೇಕಿತ್ತು ಅವಳಿಗೆ. ಬಾಗಿಲು ನಿಲ್ಲಿಸುವ ದಿನ ಕೆತ್ತಿದವರಿಗೆ ಮನೆಯವರು ಪಂಚೆ, ಶಲ್ಯ, ತಾಂಬೂಲ ಕೊಡಬೇಕು. ಅದು ಮೇಸ್ತ್ರಿಯ ಮರ್ಯಾದೆ. ಇಷ್ಟು ವರ್ಷ ಅವಳು ಕೆತ್ತಿದ್ದಕ್ಕೆಲ್ಲ ಅಪ್ಪನೇ ಕೈಯೊಡ್ಡಿದ್ದ. ಈ ಸಲ ಆಗಲ್ಲ. ಈ ಸಲ ನನಗೇ!

ಆ ದಿನ ಬಂತು.

ಚೌಕಟ್ಟಿಗೆ ಮಾವಿನ ತೋರಣ, ಹೊಸಿಲಿಗೆ ಅರಿಶಿನ. ಮನೆ ತುಂಬ ನೆಂಟರು. ಮುರುಗೇಶಪ್ಪ ಪಂಚೆಯ ತಟ್ಟೆ ಹಿಡಿದು ನೇರ ನಾಗಯ್ಯನ ಮುಂದೆ ನಿಂತರು.

"ಕೆತ್ತಿದ್ದು ನನ್ನ ಮಗಳು, ಸಾವ್ಕಾರ್ರೇ..." ಎಂದ ನಾಗಯ್ಯ.

"ಇರಲಿ ಬಿಡ್ರಿ ನಾಗಯ್ಯ. ಹೆಣ್ಣುಮಗಳ ಕೈಗೆ ಪಂಚೆ ಕೊಡೋಕಾಗುತ್ತಾ? ಜನ ನಗ್ತಾರೆ."

ಅಷ್ಟರಲ್ಲಿ ಪ್ರಸನ್ನ ಒಳಗಿಂದ ಇನ್ನೊಂದು ತಟ್ಟೆ ತಂದ. ಸೀರೆ, ಕುಪ್ಪಸದ ಕಣ, ಮಲ್ಲಿಗೆ, ಅರಿಶಿನ ಕುಂಕುಮ, ಎಲೆ ಅಡಿಕೆ.

"ಉಮಾ ಅವರೇ, ಇದು ನಿಮಗೆ."

ಅವನ ಸೋದರತ್ತೆ ದಾಕ್ಷಾಯಣಮ್ಮ ಬಿಡುತ್ತಾರೆಯೇ!

"ಏನೋ ಪ್ರಸನ್ನ! ಸೀರೆ, ಹೂವು, ತಾಂಬೂಲ... ಬಾಗಿಲು ನಿಲ್ಲಿಸ್ತಿದ್ದೀಯೋ, ಹೆಣ್ಣು ಒಪ್ಪಿಸ್ಕೊಳ್ತಿದ್ದೀಯೋ?"

ನೆಂಟರೆಲ್ಲ ಗೊಳ್ಳೆಂದು ನಕ್ಕರು. ಪ್ರಸನ್ನ ಬೆವತುಹೋದ.

"ಛೇ ಛೇ! ಅಂಥದ್ದೇನಿಲ್ಲ ಅತ್ತೆ!"

ಛೇ ಛೇ...

ಆ ಎರಡಕ್ಷರ ಉಳಿಯ ಹಾಗೆ ನಾಟಿತು. ಪಂಚೆಗೂ ನಾನಾಗಲಿಲ್ಲ, ಸೀರೆಗೂ ನಾನಲ್ಲ... ಕಣ್ಣು ತುಂಬಿತು. ಆದರೆ ಅವಳು ಅಳಲಿಲ್ಲ!

"ಅಪ್ಪಾ, ಕದ ಎತ್ತು."

"ಉಮಾ...?"

"ಎರಡೂ ಎತ್ತು. ಕೆತ್ತಿದೋರು ಯಾರು ಅಂತ ಗೊತ್ತಿಲ್ಲದ ಮನೇಲಿ ನನ್ನ ಬಾಗಿಲು ನಿಲ್ಲಲ್ಲ!"

"ಏಯ್ ಹುಡುಗಿ, ಮುಹೂರ್ತ ಮೀರುತ್ತೆ!" ಮುರುಗೇಶಪ್ಪ ಗುಡುಗಿದರು.

"ಮೀರ್ಲಿ!"

ಲಗೇಜ್ ಆಟೋದಲ್ಲಿ ನಂದಿ, ಹಂಸ, ಬಳ್ಳಿ ಎಲ್ಲವೂ ಭದ್ರಾವತಿಗೆ ವಾಪಸ್ ಹೊರಟವು. ಪ್ರಸನ್ನ ಆಟೋ ಹಿಂದೆಯೇ ಓಡಿದ. ಅವಳು ತಿರುಗಿಯೂ ನೋಡಲಿಲ್ಲ.

ಆಮೇಲೆ ಲಾರಿಯೂ ಬರಲಿಲ್ಲ, ಅವನೂ ಬರಲಿಲ್ಲ. 'ಛೇ ಛೇ ಅಂದವನು ಯಾಕೆ ಬರ್ತಾನೆ?' ಎಂದು ಉಮಾ ಉಳಿ ಮಸೆಯುತ್ತಿದ್ದಳು... ಮಸೆದದ್ದನ್ನೇ ಮಸೆಯುತ್ತಿದ್ದಳು.

ಕಾರ್ಖಾನೆ ಸೈರನ್ ಕೂಗಿ ಶಿಫ್ಟಿನವರೆಲ್ಲ ಮನೆಗೆ ಬರುತ್ತಿದ್ದ ಒಂದು ಮಧ್ಯಾಹ್ನ, ಶೆಡ್ಡಿನ ಮುಂದೆ ಕಾರು ನಿಂತಿತು. ಇಳಿದವರು ಮುರುಗೇಶಪ್ಪ! ಕೈಯಲ್ಲಿ ತಟ್ಟೆ.

"ಮಾರಾಯ್ತಿ, ನನ್ನ ಮಗನ್ನ ಎಬ್ಬಿಸಮ್ಮಾ!"

"ಏನಾಯ್ತು ಅವರಿಗೆ?" ಉಮಾ ಉಳಿ ಬಿಟ್ಟು ಎದ್ದಳು.

"ಏನೂ ಆಗಿಲ್ಲ, ಹೊಸಿಲ ಮೇಲೆ ಕೂತುಬಿಟ್ಟಿದ್ದಾನೆ! ನಾನು ತರಿಸಿದ ರೆಡಿಮೇಡ್ ಬಾಗಿಲನ್ನ ವಾಪಸ್ ಕಳಿಸ್ದ. ಹೊಸಿಲ ಮೇಲೆ ಕೂರಬಾರದು, ಮನೆಗೆ ದರಿದ್ರ ಅಂತ ಅವನತ್ತೆ ಬಡ್ಕೊಂಡ್ರೂ ಏಳಲ್ಲ. 'ಮೇಸ್ತ್ರಿ ಮರ್ಯಾದೆ ಮೇಸ್ತ್ರಿಗೆ ಕೊಟ್ಟು ಬನ್ನಿ' ಅಂತಾನೆ. ಊಟ, ನಿದ್ದೆ ಎಲ್ಲಾ ಅಲ್ಲೇ!"

ಅವರು ತಟ್ಟೆ ಚಾಚಿದರು. ಪಂಚೆ, ಶಲ್ಯ, ತಾಂಬೂಲ. ಸುತ್ತ ಕ್ವಾರ್ಟರ್ಸಿನ ಜನವೆಲ್ಲ ನಿಂತು ನೋಡುತ್ತಿದ್ದರು.

"ತಗೋಮ್ಮಾ, ಮೇಸ್ತ್ರಿ."

ಉಮಾ ಎರಡೂ ಕೈ ಚಾಚಿ ತಗೊಂಡಳು. ಶಲ್ಯವನ್ನು ತಾನೇ ಹೆಗಲಿಗೆ ಹಾಕಿಕೊಂಡಳು. ಈ ಸಲ ಮಾತ್ರ ಅತ್ತುಬಿಟ್ಟಳು.

ಸಂಜೆ ಸವಳಂಗ ರಸ್ತೆ. ಲಗೇಜ್ ಆಟೋದಿಂದ ಎರಡೂ ಕದ ಇಳಿದವು.

ಗಡ್ಡ ಬಿಟ್ಟುಕೊಂಡು ಅವನು ಹೊಸಿಲ ಮೇಲೆಯೇ ಇದ್ದ. ಅವಳ ಹೆಗಲ ಮೇಲಿನ ಶಲ್ಯ ನೋಡಿ ಮುಖ ಅರಳಿತು.

"ಏಳಿ. ಬಾಗಿಲು ನಿಲ್ಲಿಸ್ಬೇಕು."

"ಕೋಪ ಹೋಯ್ತಾ?"

"ಛೇ ಛೇ ಅಂದ್ರಲ್ಲ... ಅಷ್ಟು ಅಸಹ್ಯನಾ ನಾನು?"

"ಅಯ್ಯೋ ಉಮಾ! ಅವತ್ತು ನಾನು ಹೂಂ ಅಂದಿದ್ರೆ ಅತ್ತೆ ಊರಿಗೆಲ್ಲ ಏನು ಹೇಳ್ತಿದ್ರು ಗೊತ್ತಾ? 'ಹುಡುಗನ್ನ ಹಿಡಿಯೋಕೇ ಬಾಗಿಲು ಕೆತ್ತಿದ್ಳು' ಅಂತ. ನಿಮ್ಮ ಕೆಲಸಕ್ಕೆ ಮೊದಲು ಹೆಸರು ಬರಲಿ ಅನ್ನಿಸ್ತು. ಬಾಯಿಗೆ ಬಂದಿದ್ದು ಮಾತ್ರ ಆ ಹಾಳು ಛೇ ಛೇ! ಪಂಚೆ ಬದಲು ಸೀರೆ ತಂದಿದ್ದೂ ನನ್ನ ದಡ್ಡತನ."

ಅವಳು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡಳು.

"ಈಗ ಹೆಸರು ಬಂತಲ್ಲ... ಈಗ ಕೇಳ್ಲಾ?" ಅವನು ಪಿಸುಗುಟ್ಟಿದ.

"ಜೋರಾಗಿ ಕೇಳಿ. ನಿಮ್ಮ ಅತ್ತೆಗೂ ಕೇಳಿಸಲಿ!"

ಅವನು ಎದ್ದು ನಿಂತ. ಬೀದಿಗೆಲ್ಲ ಕೇಳುವಂತೆ ಕೂಗಿದ.

"ಉಮಾ! ನನ್ನ ಮದುವೆ ಆಗ್ತೀಯಾ?"

ಒಳಗೆ ದಾಕ್ಷಾಯಣಮ್ಮ "ಶಿವಶಿವಾ!" ಅಂದರು. ಮುರುಗೇಶಪ್ಪ ಬಾಯಿ ತೆರೆದರು, ಮಗನ ಮುಖ ನೋಡಿ ಮತ್ತೆ ಮುಚ್ಚಿಕೊಂಡರು.

"ಹೂಂ," ಅಂದಳು ಉಮಾ, ಅಷ್ಟೇ ಜೋರಾಗಿ. "ಆಗ್ತೀನಿ! ಈಗ ಈ ಕದ ಹಿಡ್ಕೊ ಮಾರಾಯ, ಕೀಲು ಹೊಡೀಬೇಕು."

ಅವನು ಎರಡೂ ಕೈಯಲ್ಲಿ ಹಿಡಿದ.

"ಭಾರ ಇದೆ... ಬಿಟ್ಬಿಡ್ತೀಯಾ?"

"ಬಿಡಲ್ಲ ಕಣೇ."