ಹದಿನೇಳನೆಯ ಕೋಣೆಯ ಸಿಗ್ನಲ್

ವೀರಭದ್ರನ ಬೆಳ್ಳಿ ಮುಖ ದೇವರ ಜಗಲಿಯ ಮೇಲಿರಲಿಲ್ಲ.

ಮೊದಲು ನೋಡಿದವರು ತುಳಜಾಬಾಯಿ, ಮನೆಯ ಯಜಮಾನರ ಹೆಂಡತಿ. ಬೆಳಗಿನ ಆರು ಗಂಟೆ. ಹೂವಿನ ಬುಟ್ಟಿ ಹಿಡಿದು ದೇವರ ಕೋಣೆಯ ಬಾಗಿಲು ತೆರೆದರು. ಪೀಠವಿತ್ತು. ನಿನ್ನೆಯ ಹೂವಿತ್ತು. ಏಳು ತಲೆಮಾರಿನಿಂದ ಬಂದ, ನಾಲ್ಕು ಕಿಲೋ ತೂಕದ ಮುಖ ಮಾತ್ರ ಇರಲಿಲ್ಲ.

ಎಂಟರ ಹೊತ್ತಿಗೆ ನಾವು ಬಸವಕಲ್ಯಾಣದ ಆ ವಾಡೆಯಲ್ಲಿದ್ದೆವು. ನಾವು ಅಂದರೆ ಪಿಎಸ್‌ಐ ಸತ್ಯಮ್ಮ ಮೇಡಂ ಮತ್ತು ಹೆಡ್ ಕಾನ್‌ಸ್ಟೇಬಲ್ ಬಕ್ಕಪ್ಪನಾದ ನಾನು. 2009ರ ಫೆಬ್ರವರಿ ತಿಂಗಳು. ಮೇಡಂ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ನನ್ನ ನೌಕರಿಗೆ ಇಪ್ಪತ್ತಾರು ವರ್ಷ. ಇಬ್ಬರಲ್ಲಿ ಯಾರಿಗೆ ಹೆಚ್ಚು ಗೊತ್ತು ಎಂಬುದರ ಬಗ್ಗೆ ನನಗೆ ಆಗ ಎಳ್ಳಷ್ಟೂ ಅನುಮಾನವಿರಲಿಲ್ಲ.

ಯಜಮಾನರು ಮಹಾರುದ್ರಪ್ಪ, ಎಪ್ಪತ್ತರ ಆಸುಪಾಸು. ಅವರು ಗರ ಬಡಿದವರಂತೆ ಕೂತಿದ್ದರು. ಮಾತಾಡಿದ್ದೆಲ್ಲ ಅವರ ತಮ್ಮ ವೈಜನಾಥ. ಹೊಲ, ಕಾಳುಕಡಿ, ಆಳುಗಳು ಎಲ್ಲ ವೈಜನಾಥರ ಕೈಯಲ್ಲಿ. ಸೊಂಟದ ದಾರದಲ್ಲಿ ಬೀಗದ ಕೈ ಗೊಂಚಲು. ಹಣೆ ತುಂಬ ವಿಭೂತಿ.

ಕಳ್ಳ ಯಾರೆಂದು ಅವರಿಗೆ ಆಗಲೇ ಗೊತ್ತಿತ್ತು. ಹುಮನಾಬಾದ್‌ನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಜೀತ. ವಾಡೆಗೆ ವೈಫೈ ಹಾಕಿಸಬೇಕಿತ್ತು. ಯಾವ ತರಹದ್ದು ಹಾಕಿದರೆ ಇಷ್ಟು ದೊಡ್ಡ ಮನೆಗೆ ಮುಟ್ಟುತ್ತದೆಂದು ನೋಡಲು ಅವನು ನಿನ್ನೆ ಬೆಳಗ್ಗೆಯಿಂದ ಸಂಜೆಯವರೆಗೆ ಲ್ಯಾಪ್‌ಟಾಪ್ ಹಿಡಿದು ಇಪ್ಪತ್ತೆರಡು ಕೋಣೆ ಸುತ್ತಿದ್ದ.

“ಎಲ್ಲಾ ಖೋಲಿ ನೋಡಿದ ಹೊರಗಿನ ಮನಿಶ್ಯಾ ಅವನೊಬ್ಬನ ರೀ,” ಎಂದರು ವೈಜನಾಥ. “ಸಂಜಿಮುಂದ ಮೂರು ಡಬ್ಬಿ ಹೊತ್ಕೊಂಡು ಹೋದ. ಮತ್ತ್ಯಾರೂ ಬಾಗಲಾ ದಾಟಿಲ್ಲ.”

ಹಾಗೆಂದು ಬರೆದ ದೂರಿಗೆ ಸಹಿ ಹಾಕಿದರು. ಆಮೇಲೆ ಕಂಬದ ಬದಿಯ ಕೊಡದಿಂದ ಒಂದು ತಂಬಿಗೆ ನೀರು ಬಗ್ಗಿಸಿಕೊಂಡು ಗಟಗಟ ಕುಡಿದರು. ನನಗೂ ಗಂಟಲು ಒಣಗಿತ್ತು. ಯಾರೂ ಕೇಳಲಿಲ್ಲ. ನಾವು ಬಂದ ಕೂಡಲೇ ತುಳಜಾಬಾಯಿ ನಮ್ಮ ಕ್ಷಮೆ ಕೇಳಿದ್ದರು: ಆ ಮುಖಕ್ಕೆ ಪೂಜೆಯಾಗದೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ದೊಡ್ಡವರ ಬಾಯಿಗೆ ನೀರೂ ಬೀಳುವುದಿಲ್ಲ, ಹಾಗಾಗಿ ಚಹಾ ಇಲ್ಲ.

ಮೇಡಂ ನನ್ನನ್ನು ಹುಮನಾಬಾದ್‌ಗೆ ಕಳಿಸಿದರು. ಅವನನ್ನು ಕರೆದುಕೊಂಡು ಬಾ ಎಂದಿದ್ದರು. ಹಿಡಿದುಕೊಂಡು ಬಾ ಎಂದಿರಲಿಲ್ಲ. ಆ ವ್ಯತ್ಯಾಸ ನನ್ನ ತಲೆಗೆ ಹೊಳೆಯಲಿಲ್ಲ.

*

ಅಂಗಡಿ ಕಾಳಿನ ಪೇಟೆಯ ರಸ್ತೆಯಲ್ಲಿತ್ತು. ವಾರದ ಸಂತೆಗಿಂತ ಹೆಚ್ಚು ಜನ. ಅಜೀತನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಹುಡಗಿ ಎಂಬ ಹತ್ತಿರದ ಹಳ್ಳಿಯ, ಬೌದ್ಧರಾದ ದಲಿತ ಕುಟುಂಬದ ಹುಡುಗ, ಡಿಪ್ಲೊಮಾ ಮುಗಿಸಿ ಅಂಗಡಿ ಹಾಕಿದ್ದಾನೆಂದು ಪಕ್ಕದವರು ಹೇಳಿದರು. ನಾನು ಕೇಳಿಸಿಕೊಳ್ಳುವ ಮನಸ್ಸಿನಲ್ಲಿರಲಿಲ್ಲ. ಕಾಲರ್ ಹಿಡಿದೆ. ರಸ್ತೆಗೆ ಎಳೆದೆ.

ಡಬ್ಬಿಗಳನ್ನು ಅಲ್ಲೇ ಬಿಚ್ಚಿಸಿದೆ. ಎರಡು ಹಗುರ. ಮೂರನೆಯದು ಟೇಪು ಸುತ್ತಿದ್ದು, ನಾಲ್ಕು ಕಿಲೋಗೆ ಕಡಿಮೆಯಿಲ್ಲ. ಸಿಕ್ಕಿಬಿದ್ದ ಅಂದುಕೊಂಡೆ. ನಲವತ್ತು ಜನರ ಎದುರು ಜಂಬದಿಂದ ಟೇಪು ಹರಿದೆ. ಒಳಗೆ ಬ್ಯಾಟರಿ ಇತ್ತು.

ಯಾರೋ ನಕ್ಕರು. ಸಿಟ್ಟಿಗೆ ಕಾಲರ್ ಇನ್ನೂ ಬಿಗಿಯಾಗಿ ಹಿಡಿದು ಜೀಪಿಗೆ ಹತ್ತಿಸಿದೆ. ಹೆದ್ದಾರಿಗೆ ಬಂದ ಮೇಲೆ ಅವನು ಒಮ್ಮೆ ಮಾತ್ರ ಹೇಳಿದ.

“ನನ್ನ ದಂಧೆ ಮಂದಿ ಮನಿಯೊಳಗ ಹೋಗಿ ಮಾಡೂದದ್ರಿ ಸಾಹೇಬ್ರ. ಇವತ್ತಿನಿಂದ ನನ್ನ ಯಾರು ಒಳಗ ಬಿಡ್ತಾರ?”

ಉತ್ತರ ನನಗೂ ಗೊತ್ತಿತ್ತು.

*

ಮೇಡಂ ಅವನ ಕಾಲರ್ ನೋಡಿದರು, ನನ್ನನ್ನು ನೋಡಿದರು. ಬೈದಿದ್ದರೆ ವಾಸಿಯಿತ್ತು. ಅವನಿಗೆ ಕುರ್ಚಿ ಕೊಡಿಸಿ, ನಿನ್ನೆ ಏನೇನು ಮಾಡಿದೆ ಎಂದು ಕೇಳಿದರು. ಅಜೀತ ಚೀಲದಿಂದ ಒಂದು ನೋಟ್‌ಬುಕ್ ತೆಗೆದ.

ಆ ನೋಟ್‌ಬುಕ್ ಬಗ್ಗೆ ಹೇಳಲೇಬೇಕು. ಇಪ್ಪತ್ತಾರು ವರ್ಷ ಪಂಚನಾಮೆ ಬರೆದವನು ನಾನು. ಅಷ್ಟು ಚೊಕ್ಕ ಬರವಣಿಗೆ ನನ್ನ ಕೈಯಿಂದ ಒಂದು ದಿನವೂ ಬಂದಿಲ್ಲ. ವಾಡೆಯ ನಕ್ಷೆ ಸ್ಕೇಲು ಹಿಡಿದು ಬಿಡಿಸಿದ್ದ. ಪ್ರತಿ ಕೋಣೆಗೂ ನಂಬರು. ಗೋಡೆ ಎಷ್ಟು ಅಡಿ ದಪ್ಪ, ಎಲ್ಲಿ ಕಲ್ಲು, ಎಲ್ಲಿ ಹಲಗೆ. ಪಕ್ಕದಲ್ಲಿ ಮೂರು ಸಾಲು: ಪಡಸಾಲೆಯಲ್ಲಿ ಒಂದೇ ವೈಫೈ ಡಬ್ಬಿ ಇಟ್ಟರೆ ಎಷ್ಟು ಕಡ್ಡಿ ಸಿಗ್ನಲ್, ಅದಕ್ಕೊಂದು ಮರಿ ಡಬ್ಬಿ ಸೇರಿಸಿದರೆ ಎಷ್ಟು, ಮೂರು ಡಬ್ಬಿ ಇಟ್ಟು ನಡುವೆ ವೈರು ಎಳೆದರೆ ಎಷ್ಟು. ಒಂದೊಂದರ ಎದುರೂ ಗಂಟೆ, ನಿಮಿಷ.

ದೇವರ ಕೋಣೆಯ ಎದುರು ಬರೆದಿದ್ದ: ಹನ್ನೊಂದೂ ನಲವತ್ತು, ಹೊಸ್ತಿಲ ಹೊರಗಿನಿಂದ.

“ಖರೆ ಅದ,” ಎಂದರು ಮಹಾರುದ್ರಪ್ಪ, ಮೊದಲ ಬಾರಿ ಬಾಯಿ ಬಿಟ್ಟು. “ನಾನ ಒಳಗ ಬಾ ಅಂದೆ. ಇಲ್ಲಿಂದನ ಸಾಕ್ರಿ ಅಂದ.”

ವೈಜನಾಥ ಮುಖ ತಿರುಗಿಸಿದರು.

ಅಷ್ಟರಲ್ಲಿ ಮಹಾರುದ್ರಪ್ಪನವರ ಕಿರಿಯ ಸೊಸೆ ಪೂನಂ ಬಾಗಿಲ ಮರೆಗೆ ಬಂದಳು. ವೈಫೈ ಬೇಕಾದದ್ದೇ ಅವಳಿಗೆ. ಎಂ.ಎ. ಪರೀಕ್ಷೆಗೆ ಕೂತಿದ್ದಳು. ಇಂಟರ್‌ನೆಟ್ ಇದ್ದದ್ದು ಪಡಸಾಲೆಯ ಟೆಲಿಫೋನ್ ಪಕ್ಕ, ಗಂಡಸರು ಕೂಡುವ ಜಾಗದಲ್ಲಿ. ಮನೆಯ ಹಿಂಭಾಗದ ತನ್ನ ಕೋಣೆಗೆ ಅದು ಬರುವಂತಾಗಲಿ ಎಂದು ಆರು ತಿಂಗಳು ಬೆನ್ನು ಹತ್ತಿ ಮಾವನನ್ನು ಒಪ್ಪಿಸಿದ್ದಳು. ಒಂದೇ ಡಬ್ಬಿ ಸಾಕೇನೋ ನೋಡೋಣ ಎಂದು ಮಹಾರುದ್ರಪ್ಪ ಅದನ್ನು ಪಡಸಾಲೆಯಲ್ಲೇ ಬಿಟ್ಟು ಹೋಗಲು ಹೇಳಿದ್ದರು. ಅದು ಇನ್ನೂ ಅಲ್ಲೇ ದೀಪ ಮಿಣುಕಿಸುತ್ತಿತ್ತು.

ಪೂನಂ ಹೇಳಿದ್ದು ಇಷ್ಟೇ: ಅಜೀತ ಕಳ್ಳನೋ ಅಲ್ಲವೋ ತನಗೆ ಗೊತ್ತಿಲ್ಲ, ಆದರೆ ಅವನ ಅಳತೆ ತಪ್ಪು. ತನ್ನ ಕೋಣೆಗೆ ಏನೂ ಬರುವುದಿಲ್ಲ ಎಂದಿದ್ದ. ಇವತ್ತು ಬೆಳಗ್ಗೆಯಿಂದ ಬರುತ್ತಿದೆ.

ಕಳ್ಳ ಅಂದದ್ದಕ್ಕೆ ಸುಮ್ಮನಿದ್ದ ಹುಡುಗ ಅಳತೆ ತಪ್ಪು ಅಂದದ್ದಕ್ಕೆ ಎದ್ದು ನಿಂತ. ಸಾಧ್ಯವಿಲ್ಲ ಎಂದ. ಹದಿನೇಳನೆಯ ಕೋಣೆ, ಹನ್ನೆರಡೂ ಹತ್ತು, ಸೊನ್ನೆ. ಮೂರು ಸಲ ನೋಡಿದ್ದೇನೆ.

ಮೇಡಂ ಅವನಿಗೆ ಮತ್ತೆ ಅಳೆಯಲು ಹೇಳಿದರು. ಅದೇ ಡಬ್ಬಿ, ಅದೇ ಜಾಗ, ಇಪ್ಪತ್ತೆರಡೂ ಕೋಣೆ. ವೈಜನಾಥ ಗೊಣಗಿದರು. ನನಗೂ ಒಳಗೊಳಗೇ ನಗು. ಬೆಳ್ಳಿ ಮುಖ ಹುಡುಕಲು ಬಂದವರು ಕಡ್ಡಿ ಎಣಿಸುತ್ತ ತಿರುಗಿದೆವು. ಒಂದು ತಾಸು ಹಿಡಿಯಿತು. ಇಪ್ಪತ್ತೊಂದು ಕೋಣೆಗಳಲ್ಲಿ ನಿನ್ನೆಯ ಅಂಕಿಯೇ ಬಂತು. ಹದಿನೇಳರಲ್ಲಿ ಎರಡು ಕಡ್ಡಿ.

“ಹ್ಯಾಂಗ?” ಎಂದರು ಮೇಡಂ.

ಅಜೀತ ನಕ್ಷೆಯ ಮೇಲೆ ಬೆರಳಿಟ್ಟು ಯೋಚಿಸಿದ. ಗೋಡೆ ಮೂರಡಿ ಕಲ್ಲು, ಅದನ್ನು ಸಿಗ್ನಲ್ ದಾಟುವುದಿಲ್ಲ. ಪಡಸಾಲೆಗೂ ಪೂನಂ ಕೋಣೆಗೂ ನಡುವೆ ಕಾಳಿನ ಕೋಠಿ, ಇಪ್ಪತ್ತೆರಡರ ಲೆಕ್ಕಕ್ಕೆ ಸೇರದ ಉಗ್ರಾಣ. ಕೋಠಿಯ ಈಚೆ ಹಲಗೆ ಬಾಗಿಲು. ಆಚೆ, ಪೂನಂ ಕೋಣೆಯ ಗೋಡೆಯಲ್ಲಿ, ಮುಚ್ಚಿದ ಹಳೆಯ ಕಿಟಕಿ. ಎರಡೂ ಒಂದೇ ಗೆರೆಯಲ್ಲಿವೆ.

“ದಾರಿ ಅದೊಂದ ರೀ ಮೇಡಂ. ನಿನ್ನೆ ಬಾಗಲದಾಗಿಂದ ನೋಡೇನಿ, ಆ ದಾರಿ ತುಂಬ ತೊಗರಿ ಚೀಲ ಇದ್ದವು. ಕಾಳು ಸಿಗ್ನಲ್ ಕುಡೀತದ. ಈಗ ಬರಾಕತ್ತದ ಅಂದ್ರ, ಅಲ್ಲಿ ತೊಗರಿ ಇಲ್ಲ.”

*

ಕೋಠಿಯ ಬೀಗದ ಕೈ ವೈಜನಾಥರ ಸೊಂಟದಲ್ಲಿತ್ತು. ತೊಗರಿ ಬಿಟ್ಟು ಅಲ್ಲೇನಿದೆ ಎಂದು ಅವರು ಕೇಳಿದರು. ಮೇಡಂ ಸುಮ್ಮನೆ ಕೈ ಚಾಚಿದರು.

ಬಾಗಿಲು ತೆರೆದರೆ ತೊಲೆಯವರೆಗೆ ಚೀಲಗಳು. ಅಲುಗಾಡದಂತೆ ಒಟ್ಟಿದ್ದವು. ನಾನು ತಿರುಗಿ ಹೊರಟಿದ್ದೆ. ಮೇಡಂ ಎದೆಯೆತ್ತರದ ಒಂದು ಚೀಲಕ್ಕೆ ಒಂದೇ ಕೈ ಹಾಕಿ ಎಳೆದರು. ಕ್ವಿಂಟಾಲಿನ ಚೀಲ ದಿಂಬಿನಂತೆ ಹೊರಬಂತು. ಒಳಗೆ ಹೊಟ್ಟು.

ಇನ್ನೆರಡು ಎಳೆದೆವು. ಹಿಂದೆ ಪೊಳ್ಳು. ಅಲ್ಲೊಂದು ಮಣೆ, ಮಣೆಯ ಮೇಲೆ ಒಗೆದ ಬಿಳಿ ವಸ್ತ್ರ, ಅದರ ಮೇಲೆ ವೀರಭದ್ರ. ಹಣೆಗೆ ಮೂರು ಬೆರಳಿನ ವಿಭೂತಿ. ನೆತ್ತಿಯ ಮೇಲೆ ಒಂದು ಬಿಲ್ವಪತ್ರೆ, ಇನ್ನೂ ಬಾಡಿರಲಿಲ್ಲ.

ತುಳಜಾಬಾಯಿ ಅಳತೊಡಗಿದರು. ಮೇಡಂ ವೈಜನಾಥರ ಕಡೆ ತಿರುಗಿದರು. ದನಿ ಏರಿಸಲಿಲ್ಲ.

“ಕಾಕಾ, ಮುಂಜಾನಿ ಈ ಮನಿಯೊಳಗ ಎಲ್ಲಾರೂ ಉಪವಾಸ ಇದ್ರು. ನೀವೊಬ್ರು ನೀರು ಕುಡಿದ್ರಿ.”

ವೈಜನಾಥ ಅಣ್ಣನ ಕಡೆ ತಿರುಗಿದರು.

ಉಳಿದದ್ದನ್ನು ಮೇಡಂ ಬಿಡಿಸಿ ಹೇಳಿದರು. ನಿನ್ನೆ ಊಟದ ಹೊತ್ತಿಗೆ, ಅಜೀತ ಹದಿನೇಳನೆಯ ಕೋಣೆ ಅಳೆದು ಮುಗಿಸಿದ ಮೇಲೆ, ತೊಗರಿಗೆ ಹುಳ ಹಿಡಿಯುತ್ತದೆಂದು ವೈಜನಾಥ ಆಳುಗಳ ಕೈಲಿ ನಡುವಿನ ಚೀಲಗಳನ್ನು ದನದ ಕೊಟ್ಟಿಗೆಗೆ ಸಾಗಿಸಿದ್ದಾರೆ. ನಾನು ಹುಮನಾಬಾದ್‌ಗೆ ಹೋಗಿದ್ದಾಗ ಆಳುಗಳು ಮೇಡಂಗೆ ಇದನ್ನು ಹೇಳಿದ್ದರು. ಅಜೀತ ಹೋದ ಮೇಲೆ, ಹೆಂಗಸರು ಅಡುಗೆಯಲ್ಲಿದ್ದಾಗ, ಮುಖ ಜಗಲಿಯಿಂದ ಕೋಠಿಗೆ ಬಂದಿದೆ. ಎದುರಿಗೆ ಹೊಟ್ಟಿನ ಚೀಲ. ಭಾರದ ಚೀಲ ಇಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸಿಗ್ನಲ್ಲೂ ಬರುತ್ತಿರಲಿಲ್ಲ. ಆದರೆ ಕದ್ದವರು ದಿನಾ ಬೆಳಗ್ಗೆ ಒಬ್ಬರೇ ಚೀಲ ಸರಿಸಿ ಪೂಜೆಗೆ ಒಳಗೆ ಹೋಗಬೇಕಿತ್ತು. ಮಾರುವ ಕಳ್ಳ ಪೂಜೆ ಮಾಡುವುದಿಲ್ಲ. ಪೂಜೆ ಬಿಟ್ಟು ಬದುಕಲಾರದವರು ಕದ್ದಿದ್ದಾರೆ. ಪೂಜೆ ಮುಗಿಸಿದವರ ಗಂಟಲಿಗೆ ನೀರು ಇಳಿಯುತ್ತದೆ.

ಆ ತಂಬಿಗೆ ನೀರನ್ನು ನಾನೂ ನೋಡಿದ್ದೆ. ನನಗೆ ಕಂಡದ್ದು ನನ್ನ ಬಾಯಾರಿಕೆ ಮಾತ್ರ. ಆ ಕ್ಷಣ ಮೇಡಂಗೆ ಮನಸ್ಸಿನಲ್ಲೇ ಸೆಲ್ಯೂಟ್ ಹೊಡೆದೆ.

“ದೇವ್ರ ಖೋಲಿತನಕ ಅವನ್ನ ಕರದ್ರಿ ನೀವು,” ಎಂದರು ವೈಜನಾಥ ಅಣ್ಣನಿಗೆ. “ನಾ ಬ್ಯಾಡ ಅಂದಿದ್ದೆ. ಕರದ್ರ ಏನಾಗ್ತದ ಅಂತ ತೋರಿಸಬೇಕಿತ್ತು.”

ಅಜೀತ ಜೈಲಿಗೆ ಹೋದ ಮೇಲೆ ಮುಖ ಹೊಲದಲ್ಲಿ ಸಿಕ್ಕಿತು ಎನ್ನುವುದು ಅವರ ಲೆಕ್ಕ. ಮಹಾರುದ್ರಪ್ಪ ತಮ್ಮನಿಗೆ ಬೆನ್ನು ಹಾಕಿದರು. ಸುಳ್ಳು ದೂರಿನ ಕೇಸು ಹಾಕಿರಿ ಎಂದು ಮೇಡಂಗೆ ಹೇಳಿದರು. ಆಮೇಲೆ ಅಜೀತನಿಗೆ ಕೈ ಮುಗಿದು, ಕೆಲಸ ನೀನೇ ಮಾಡಬೇಕು ಎಂದರು.

ಅಜೀತ ನೋಟ್‌ಬುಕ್ ಮುಚ್ಚಿದ.

“ಇಲ್ಲಿ ಕೈ ಮುಗದ್ರ ನಾಕ್ ಮಂದಿ ನೋಡ್ತಾರ್ರಿ ಯಜಮಾನ್ರ. ನನ್ನ ಕಾಲರ್ ಹಿಡದಿದ್ದು ನಲವತ್ತು ಮಂದಿ ನೋಡ್ಯಾರ.”

*

ಸಂಜೆ ನಾಲ್ಕಕ್ಕೆ ಜೀಪು ಮತ್ತೆ ಹುಮನಾಬಾದ್ ಪೇಟೆಯಲ್ಲಿ ನಿಂತಿತು. ಬೆಳಗ್ಗೆಯ ಜನವೇ ಸೇರಿತು, ಇನ್ನಷ್ಟು ಕೂಡಿಕೊಂಡಿತು. ಮಹಾರುದ್ರಪ್ಪ ರುಮಾಲು ತೆಗೆದು ನಿಂತರು. ಕದ್ದವನು ತನ್ನ ತಮ್ಮ, ದೇವರನ್ನು ಹುಡುಕಿಕೊಟ್ಟವನು ಈ ಹುಡುಗ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಂಗಡಿಯ ಸ್ಟೂಲಿನ ಮೇಲೆ ಕೂತು, ಅಜೀತ ತರಿಸಿದ ಚಹಾ ಕುಡಿದರು. ಪೇಟೆ ಅದನ್ನು ಕಣ್ಣು ಬಿಟ್ಟು ನೋಡಿತು.

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಮೇಡಂ ಬೇಕೆಂದೇ ಜೀಪಿನಲ್ಲೇ ಕೂತಿದ್ದರು. ಟೋಪಿ ತೆಗೆದೆ. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

“ತಪ್ಪು ನಂದು,” ಎಂದೆ. “ಕರ್ಕೊಂಡು ಬಾ ಅಂದಿದ್ರು. ನಾ ಹಿಡ್ಕೊಂಡು ಹೋದೆ.”

ಅಜೀತ ತಲೆಯಾಡಿಸಿ ಒಂದು ಲೋಟ ಚಹಾ ನನ್ನ ಕಡೆಗೂ ಸರಿಸಿದ. ಜನ ಕರಗತೊಡಗಿತು. ಆಗ ಗುಂಪಿನ ಹಿಂದಿನಿಂದ ಒಬ್ಬ ಕಾಳಿನ ಅಡತಿ ವ್ಯಾಪಾರಿ ಮುಂದೆ ಬಂದ. ಬೆಳಗ್ಗೆ ನಕ್ಕವನು ಅವನೇ ಇರಬೇಕು. ತನ್ನ ಮನೆಯೂ ದೊಡ್ಡದು, ಮೇಲಿನ ಕೋಣೆಗಳಿಗೆ ಇಂಟರ್‌ನೆಟ್ ಏರುವುದಿಲ್ಲ, ಒಮ್ಮೆ ಬಂದು ನೋಡುತ್ತೀರಾ ಎಂದು ಕೇಳಿದ.

ಎಷ್ಟು ಕೋಣೆ ಎಂದು ಅಜೀತ ಕೇಳಿದ. ಹದಿನಾಲ್ಕು.

“ಅಳೀಬೇಕಾದ್ರ ಎಲ್ಲಾ ಖೋಲಿ ಬಾಗಲಾ ತೆಗೀಬೇಕಾಗ್ತದ್ರಿ,” ಎಂದ ಅಜೀತ, ಅವನ ಕಣ್ಣಲ್ಲೇ ಕಣ್ಣಿಟ್ಟು.

ವ್ಯಾಪಾರಿ ಮಹಾರುದ್ರಪ್ಪ ಕುಡಿದಿಟ್ಟ ಚಹಾದ ಲೋಟದ ಕಡೆ ನೋಡಿದ.

“ತೆಗೀತೇವ್ರಿ,” ಎಂದ.

ಅಜೀತ ಪೆನ್ನು ತೆಗೆದು ಅವನ ಹೆಸರು, ವಿಳಾಸ ಬರೆದುಕೊಂಡ.