ಕೌಂಟರಿನ ಹಾಟ್‌ಸ್ಪಾಟ್

ನಮ್ಮ ಪ್ರೀತಿಗೆ ಯಜಮಾನರ ಹೆಸರಲ್ಲಿ ಬಿಲ್ ಬರುತ್ತಿದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸ್ವಲ್ಪ ಕಮ್ಮಿ ಪ್ರೀತಿಸುತ್ತಿದ್ದೆನೋ ಏನೋ.

ನಮ್ಮದು ಕನ್ನಡಕದ ಅಂಗಡಿ. ಮುಂದೆ ಕೌಂಟರಿನಲ್ಲಿ ನಾನು. ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜಿ, ಪವರ್ ನೋಡಿ ಫ್ರೇಮಿಗೆ ಕೂರಿಸುವವನು ಅವನು. ನಡುವೆ ಗೋಡೆ, ಗೋಡೆಯಲ್ಲಿ ಒಂದು ಟ್ರೇ ಹಿಡಿಸುವಷ್ಟು ಕಿಂಡಿ. ಕೆಲಸದ ಹೊತ್ತಲ್ಲಿ ಮುಂದಿನವರು ಹಿಂದಿನವರ ಜೊತೆ ಹರಟೆ ಹೊಡೆಯಬಾರದು ಅಂತ ಯಜಮಾನರ ಕಟ್ಟಪ್ಪಣೆ. ಅಪ್ಪಣೆ ಇದ್ದದ್ದು ಬಾಯಿಗೆ ಮಾತ್ರ. ನಾನು ಟ್ರೇ ಕೊಡುವಾಗ ಅವನ ಬೆರಳು ನನ್ನ ಬೆರಳನ್ನು ಮುಟ್ಟದೆ ಆ ಟ್ರೇ ಒಳಗೆ ಹೋಗುತ್ತಲೇ ಇರಲಿಲ್ಲ.

"ಕೌಂಟರ್ ಮೇಡಂ, ಈ ಫ್ರೇಮು ಯಾರಿಗೆ?" ಅಂತ ಪಿಸುಗುಡುತ್ತಿದ್ದ.

"ಕಣ್ಣು ಮಂಜಾದವರಿಗೆ."

"ಹಾಗಾದ್ರೆ ನನಗೇ ಬಿಡಿ. ನಿಮ್ಮನ್ನ ನೋಡಿದಾಗಿಂದ ಬೇರೆ ಯಾರೂ ಸರಿಯಾಗಿ ಕಾಣ್ತಿಲ್ಲ."

"ಪವರ್ ಸಾಹೇಬ್ರೇ, ಯಜಮಾನ್ರನ್ನ ಕರೀಲಾ? ಅವರು ಚೆನ್ನಾಗಿ ಕಾಣ್ತಾರೆ."

ಆಗ ಅವನು ನಗುತ್ತಾ ಕೈಯಲ್ಲಿದ್ದ ಲೆನ್ಸಿನ ಮೇಲೆ ಬಾಯಿಂದ ಆವಿ ಊದಿ, ಬೆರಳ ತುದಿಯಲ್ಲಿ ಏನೋ ಬರೆದು, ಕಿಂಡಿಗೆ ಹಿಡಿಯುತ್ತಿದ್ದ. ನಾನು ಬಗ್ಗಿ ನೋಡುವಷ್ಟರಲ್ಲಿ ಆವಿ ಆರಿರುತ್ತಿತ್ತು. "ಏನು ಬರೆದೆ?" ಅಂದರೆ, "ಓದೋಕೆ ಬರಲ್ವಾ?" ಅನ್ನುತ್ತಿದ್ದ. ಆ ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುವಾಗ ನನ್ನ ಕೆನ್ನೆಯನ್ನೇ ಒರೆಸಿದ ಹಾಗಾಗುತ್ತಿತ್ತು. ಅಷ್ಟು ದಡ್ಡಿ ನಾನು.

ನಾನಿದ್ದದ್ದು ಅಕ್ಕನ ಮನೆಯಲ್ಲಿ. ಬಾವ ತಮ್ಮ ಕಡೆಯ ಒಬ್ಬ ಹುಡುಗನನ್ನು ನೋಡಿಟ್ಟು, ದಿನಾ ಊಟಕ್ಕೆ ಕೂತಾಗ ಅವನ ಗುಣಗಾನ ಶುರುಮಾಡುತ್ತಿದ್ದರು. ಅಕ್ಕ ಏನೇನೋ ನೆಪ ಹೇಳಿ ಮುಂದೂಡುತ್ತಿದ್ದಳು. ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ಕೇಳುತ್ತಿದ್ದಳು.

"ಬಾಯಿ ಬಿಟ್ಟು ಹೇಳಿದನೇನೇ ನಿನ್ನ ಪವರ್ ಸಾಹೇಬ?"

"ಕಣ್ಣಲ್ಲೇ ಹೇಳ್ತಾನೆ ಅಕ್ಕ."

"ಕಣ್ಣಲ್ಲಿ ಹೇಳಿದ್ದಕ್ಕೆ ಸಾಕ್ಷಿ ಯಾರು? ಪ್ರೀತಿಸ್ತೀನಿ ಅಂತ ಒಬ್ಬರ ಎದುರಿಗಾದ್ರೂ ಬಾಯಿಂದ ಬರ್ಲಿ. ಆಮೇಲೆ ನಿಮ್ಮ ಬಾವನ ಬಾಯಿ ನಾನು ಮುಚ್ಚಿಸ್ತೀನಿ."

ಆ ಒಂದು ಮಾತಿಗಾಗಿ ನಾನು ಕಾದೆ. ಕಿಂಡಿಯಲ್ಲಿ ಕಣ್ಣಿಟ್ಟು ಕಾದೆ.

ಗಿರಾಕಿಗಳಿಗೆ "ನಿಮ್ಮ ಕನ್ನಡಕ ರೆಡಿ" ಅಂತ ಹೇಳೋದಕ್ಕೆ ಯಜಮಾನರು ನಮ್ಮಿಬ್ಬರಿಗೂ ಫೋನು, ಸಿಮ್ಮು ಕೊಡಿಸಿದ್ದರು. ಫೋನ್ ಕಂಪನಿಗೆ ಓಡಾಡಿ ಮಾಡಿಸಿಕೊಂಡು ಬಂದವನು ಅವನೇ. "ಅನ್‌ಲಿಮಿಟೆಡ್ ಕಣೇ, ಎಷ್ಟಾದ್ರೂ ಬಳಸು" ಅಂದ. ಆಮೇಲೊಂದು ಉಪಾಯ ಹೇಳಿದ. ಮಾತಾಡಬಾರದು ತಾನೆ, ಬೇಡ. ಬೆಳಿಗ್ಗೆ ಅಂಗಡಿ ತೆಗೆದಾಗ ವಿಡಿಯೋ ಕಾಲ್ ಹಚ್ಚೋದು, ಬಾಗಿಲು ಹಾಕುವಾಗ ತೆಗೆಯೋದು. ಒಂದು ಕಿವಿಯಲ್ಲಿ ಇಯರ್‌ಫೋನ್, ಕೂದಲ ಅಡಿಯಲ್ಲಿ ವೈರು. ಸುಮ್ಮನೆ ಜೊತೆಗಿರೋದು.

"ನನ್ನ ಸಿಮ್ಮಿಗೆ ಒಳಗಡೆ ಸಿಗ್ನಲ್ ಬರಲ್ಲ. ನಿನ್ನ ಹಾಟ್‌ಸ್ಪಾಟ್ ಆನ್ ಮಾಡಿಡು, ಸಾಕು" ಅಂದ.

ಮಾಡಿಟ್ಟೆ. ದಿನವಿಡೀ ನನ್ನ ಕಿವಿಯಲ್ಲಿ ಅವನ ಮಶೀನು ಗುಂಯ್‌ಗುಡುತ್ತಿತ್ತು, ಅವನು ಕೆಮ್ಮುತ್ತಿದ್ದ, ಗುನುಗುತ್ತಿದ್ದ. ಆಗಾಗ ಸಿನಿಮಾದ ಹೊಡೆದಾಟವೂ ಕೇಳಿಸುತ್ತಿತ್ತು. ನನ್ನದೇ ಹಾಟ್‌ಸ್ಪಾಟಿನಲ್ಲಿ ಸಿನಿಮಾ ನೋಡುತ್ತಿದ್ದಾನೆ ಅಂತ ಗೊತ್ತಿದ್ದೂ ಖುಷಿಪಟ್ಟೆ. ನನ್ನಿಂದ ಅವನಿಗೆ ಏನೋ ಒಂದು ಹೋಗುತ್ತಿದೆಯಲ್ಲ, ಅಷ್ಟೇ ಸಾಕಾಗಿತ್ತು.

ಬಿಲ್ ಬಂದ ದಿನ ಯಜಮಾನರು ನೇರ ಕೌಂಟರಿಗೆ ಬಂದರು.

"ಇದು ಫೋನ್ ಬಿಲ್ಲೋ, ಹೊಸ ಮಶೀನಿನ ರೇಟೋ? ನಿನ್ನ ನಂಬರಮ್ಮ ಇದು. ಲಿಮಿಟ್ ದಾಟಿ ಎಲ್ಲಿಗೋ ಹೋಗಿದೆ. ಏನು ಮಾಡ್ತಿದ್ದೆ?"

ಬಾಯಿ ಬಿಟ್ಟರೆ ಅವನೂ ಸಿಕ್ಕಿಬೀಳುತ್ತಾನೆ. ಹೊಸ ಬ್ರಾಂಚನ್ನು ಅವನಿಗೇ ವಹಿಸುತ್ತೇನೆ ಅಂತ ಯಜಮಾನರು ಆಗಲೇ ಮೂಗಿಗೆ ತುಪ್ಪ ಸವರಿದ್ದರು. ಕೌಂಟರಿನ ಗಾಜು ಒರೆಸತೊಡಗಿದೆ.

"ಮಧ್ಯಾಹ್ನದೊಳಗೆ ಸತ್ಯ ಹೇಳು. ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ" ಅಂದು ಅವರು ಹಿಂದಿನ ಕೋಣೆಗೆ ನಡೆದರು.

ಅಷ್ಟರಲ್ಲಿ ಒಬ್ಬರು ಅಜ್ಜಿ ಬಂದು ಕೂತರು. ಅವರ ಮೂಗಿನ ಮೇಲೆ ಪರೀಕ್ಷೆಯ ಫ್ರೇಮಿಟ್ಟು ಒಂದೊಂದೇ ಗಾಜು ಹಾಕತೊಡಗಿದೆ. ನನ್ನ ಕಿವಿಯಲ್ಲಿ ಕಾಲ್ ಇನ್ನೂ ಓಡುತ್ತಿತ್ತು. ಅವನಿಗೆ ಅದು ಮರೆತೇ ಹೋಗಿತ್ತು.

"ಕೌಂಟರ್ ಹುಡುಗಿ ಹಿಂಗ್ಯಾಕೆ ಮಾಡಿದ್ಳಪ್ಪ?" ಯಜಮಾನರ ದನಿ.

"ಏನು ಹೇಳ್ಲಿ ಸರ್. ಯಾವಾಗ ನೋಡಿದ್ರೂ ಫೋನಲ್ಲೇ ಇರ್ತಾಳೆ. ನನಗೂ ಕಾಲ್ ಮಾಡಿ ಮಾಡಿ ತಲೆ ತಿಂತಾಳೆ. ಹೆಣ್ಣುಮಗಳು, ನೊಂದ್ಕೋತಾಳೆ ಅಂತ ಸುಮ್ಮನಿದ್ದೆ."

"ಈಗ ಹೆಂಗಿದೆ ಅಜ್ಜಿ?" ಅಂದೆ.

"ಮಬ್ಬು ಮಬ್ಬು ಮಗಳೇ."

ಇನ್ನೊಂದು ಗಾಜು ಹಾಕಿದೆ. ಕಿವಿಯಲ್ಲಿ ಯಜಮಾನರು ಕೇಳುತ್ತಿದ್ದರು, "ನಿನ್ನ ನಂಬರಿಗೆ ಏನೇನೂ ಬಂದಿಲ್ವಲ್ಲ?"

"ಪ್ಲಾನ್ ಮಾಡ್ಸಿದ್ದು ನಾನೇ ಅಲ್ವಾ ಸರ್? ಲಿಮಿಟ್ ಎಲ್ಲಿಗೆ ಮುಗಿಯುತ್ತೆ ಅಂತ ನನಗೆ ಗೊತ್ತಿಲ್ವಾ? ನನ್ನ ಡೇಟಾ ನಾನು ಆನ್ ಮಾಡೋದೇ ಇಲ್ಲ."

ಮತ್ತೊಂದು ಗಾಜು ಕೂರಿಸಿದೆ.

"ಈಗ ಚೆನ್ನಾಗಿ ಕಾಣ್ತಿದೆ ಕಣಮ್ಮ" ಅಂದರು ಅಜ್ಜಿ.

ನನಗೂ ಕಾಣುತ್ತಿತ್ತು. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಸಿಗ್ನಲ್ಲೂ ಇತ್ತು, ಲಿಮಿಟ್ಟೂ ಇತ್ತು. ಅದಕ್ಕೇ ಅವನಿಗೆ ನನ್ನ ಹಾಟ್‌ಸ್ಪಾಟ್ ಬೇಕಾಗಿತ್ತು. ಅಜ್ಜಿಯ ಕಣ್ಣಿನ ನಂಬರು ಬರೆದುಕೊಂಡು, ಅವರನ್ನು ಬಾಗಿಲ ತನಕ ಬಿಟ್ಟು, ಮೊದಲ ಸಲ ಕಾಲ್ ಕಟ್ ಮಾಡಿದೆ. ಯಜಮಾನರು ಕ್ಯಾಬಿನ್ನಿಗೆ ಹೋದ ಮೇಲೆ ಅಜ್ಜಿಯ ಟ್ರೇ ಹಿಡಿದು ಕಿಂಡಿಯ ಹತ್ತಿರ ನಿಂತೆ.

"ಕಾಲ್ ಆನ್ ಇತ್ತು" ಅಂದೆ.

ಅವನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ಅದೇ ನಗು, ಹಾಳಾದ್ದು, ಆಗಲೂ ಚೆನ್ನಾಗೇ ಇತ್ತು.

"ನೋಡು, ಕೋಪ ಮಾಡ್ಕೋಬೇಡ. ಇಬ್ಬರೂ ಮುಳುಗೋದಕ್ಕಿಂತ ಒಬ್ಬರಾದ್ರೂ ದಡ ಸೇರೋದು ವಾಸಿ ಅಲ್ವಾ? ನೀನು ಒಪ್ಕೊಂಡುಬಿಡು. ಬ್ರಾಂಚು ಕೈಗೆ ಬರ್ಲಿ, ಮೊದಲು ಅಮ್ಮನ್ನ ನಿಮ್ಮಕ್ಕನ ಮನೆಗೆ ಕರ್ಕೊಂಡು ಬರ್ತೀನಿ."

"ಬಂದು ಏನಂತ ಹೇಳ್ತೀಯ?"

ಟ್ರೇಯಿಂದ ಒಂದು ಲೆನ್ಸ್ ತೆಗೆದ. ಆವಿ ಊದಿದ. ಬರೆದ. ಈ ಸಲ ನಾನು ಬಗ್ಗಿ ನೋಡಲಿಲ್ಲ.

"ಸರಿ, ಹೋಗಿ ಹೇಳ್ತೀನಿ" ಅಂದೆ. ಅವನ ಉಸಿರು ನಿರಾಳವಾದದ್ದು ಗೋಡೆಯ ಈಚೆಗೂ ಕೇಳಿಸಿತು.

ಕ್ಯಾಬಿನ್ನಿನಲ್ಲಿ ಯಜಮಾನರ ಎದುರು ಕೂತು, ಮಾತು ಎಲ್ಲಿಂದ ಶುರುಮಾಡಲಿ ಅಂತ ಸೆರಗಿನ ತುದಿ ಸುತ್ತುತ್ತಿದ್ದೆ. ನಾನು ಏನು ಹೇಳಿದರೂ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೇ ಕಾಣುತ್ತಿತ್ತು. ನಂಬರು ನನ್ನದು, ಬಿಲ್ಲು ನನ್ನದು, ಸಾಕ್ಷಿ ಹೇಳಬೇಕಾದವನು ಹೇಳಿ ಮುಗಿಸಿದ್ದ. ಆಗ ಫೋನು ನಡುಗಿತು. ಅವನೇ, ವಿಡಿಯೋ ಕಾಲ್. ಕೆಲಸ ಆಯಿತೋ ಇಲ್ಲವೋ ಅಂತ ತಡೆಯಲಾಗಿರಲಿಲ್ಲ ಅವನಿಗೆ.

ಎತ್ತಿದೆ. ಸ್ಪೀಕರ್ ಒತ್ತಿ, ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದೆ. ಯಜಮಾನರ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟೆ. ಅವನಿಗೆ ಛಾವಣಿ ಮಾತ್ರ ಕಂಡಿರಬೇಕು. ಆ ಅಂಗಡಿಯ ಛಾವಣಿಯೆಲ್ಲ ಒಂದೇ ಥರ.

"ಬಾತ್‌ರೂಮಲ್ಲಿ ಕೂತು ಅಳ್ತಿದ್ದೀಯಾ?" ಅಂದ, ದನಿಯಲ್ಲಿ ಬೆಣ್ಣೆ. "ಅಳಬೇಡ ಚಿನ್ನ. ಧೈರ್ಯವಾಗಿ ಹೋಗಿ ನಾನೇ ಬಳಸಿದ್ದು ಅಂದ್ಬಿಡು. ಆ ಮುದುಕನಿಗೆ ಹಾಟ್‌ಸ್ಪಾಟ್ ಅಂದ್ರೆ ಏನಂತ್ಲೇ ಗೊತ್ತಿಲ್ಲ. ಅಷ್ಟೂ ಸಿನಿಮಾ ನಾನು ನೋಡಿದ್ದು ಅಂತ ಅವನಿಗೆ ಈ ಜನ್ಮದಲ್ಲಿ ಗೊತ್ತಾಗಲ್ಲ."

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾಕೆ ಸುಮ್ಮನಿದ್ದೀಯ? ಆ ಮಾತು ಬೇಕಾ ನಿನಗೆ? ಸರಿ, ಹೇಳ್ತೀನಿ ಕೇಳು. ಪ್ರೀತಿಸ್ತೀನಿ ಕಣೇ ನಿನ್ನ. ಆಯ್ತಾ? ಈಗ ಹೋಗಿ ಒಪ್ಕೋ."

ಸುಳ್ಳು ಯಾಕೆ ಹೇಳಲಿ, ಎದೆ ಝಲ್ ಅಂದಿತು. ಅಷ್ಟೆಲ್ಲ ಆದಮೇಲೂ ಅಂದಿತು. ಕಾದು ಕಾದು ಬಂದ ಮಾತು ಆ ಬಿಲ್ಲಿನ ಪಕ್ಕದಲ್ಲಿ ಬಿದ್ದಿತ್ತು. ಎತ್ತಿಕೊಳ್ಳುವ ಹಾಗಿರಲಿಲ್ಲ.

ಯಜಮಾನರು ಫೋನನ್ನೇ ನೋಡುತ್ತಾ ಕೇಳಿದರು, "ಇದು ಈಗಲೂ ಓಡ್ತಾ ಇದ್ಯಾ?"

"ಹೌದು ಸರ್. ಇದೂ ನಿಮ್ಮ ಬಿಲ್ಲಿಗೇ."

ಆ ಕಡೆ ಕಾಲ್ ಕಟ್ಟಾಯಿತು.

ಯಜಮಾನರು ನ್ಯಾಯಸ್ಥರೇನಲ್ಲ. ಇಬ್ಬರ ಸಂಬಳವನ್ನೂ ಬಿಲ್ಲಿಗೆ ಹಿಡಿದುಕೊಂಡು, ಇಬ್ಬರನ್ನೂ ಹೊರಗೆ ಕಳಿಸಿದರು. ಅವನು ಏಪ್ರನ್ ಬಿಚ್ಚಿ ಕೌಂಟರಿನ ಮುಂದೆ ಹಾದು ಹೋಗುವಾಗ ಒಂದು ಕ್ಷಣ ನಿಂತ.

"ನಾನು ಹೇಳಿದ್ದು ನಿಜಾನೇ ಇದ್ದಿದ್ರೆ?" ಅಂದ.

"ಯಾವುದು? ಸಿಗ್ನಲ್ ಬರಲ್ಲ ಅಂದಿದ್ದಾ?"

ಅವನು ಗಾಜಿನ ಬಾಗಿಲು ತಳ್ಳಿಕೊಂಡು ಹೋದ. ಬಾಗಿಲ ಮೇಲೆ ಅವನ ಅಂಗೈ ಗುರುತು ಉಳಿದಿತ್ತು. ಅಭ್ಯಾಸಬಲ, ಬಟ್ಟೆ ತಗೊಂಡು ಒರೆಸಿದೆ.

ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ನನ್ನ ಮುಖ ನೋಡಿದಳು. ಕಣ್ಣು ಕೆಂಪಾಗಿದ್ದನ್ನು ಏನಂದುಕೊಂಡಳೋ, ಕೈ ಹಿಡಿದು ಒಳಗೆ ಎಳೆದುಕೊಂಡಳು.

"ಏನಾಯ್ತೇ? ಹೇಳಿದನಾ?"

"ಹೇಳಿದ."

"ಬಾಯಿ ಬಿಟ್ಟು?"

"ಬಾಯಿ ಬಿಟ್ಟು."

"ಯಾರ ಎದುರಿಗೆ?"

"ಯಜಮಾನ್ರ ಎದುರಿಗೆ."

ಅಕ್ಕನ ಕಣ್ಣು ತುಂಬಿಬಂತು. ನನ್ನ ಕೆನ್ನೆ ಸವರಿ, "ಯಜಮಾನ್ರ ಎದುರಿಗೇನಾ? ಗಂಡಸು ಅಂದ್ರೆ ಹಂಗಿರ್ಬೇಕು ನೋಡು" ಅಂದು, ಬಾವನಿಗೆ ಹೇಳೋದಕ್ಕೆ ಒಳಗೆ ಓಡಿದಳು.